ಪೆನಿಸಿಲಿಯಂನಲ್ಲಿ ಎಎಫ್‌ಪಿಎ ಪ್ರೋಟೀನ್: ಜೀನ್ ಸೇರಿದೆ, ಪ್ರೋಟೀನ್ ಮಾತ್ರ ಸಿಗುತ್ತಿಲ್ಲ

ಬೂಷ್ಟುಬಳಗ:
ಸೇಬಿಗೆ ನೀಲಿ ಬೂಷ್ಟು ಹಿಡಿಸುವ ಪೆನಿಸಿಲಿಯಂ ಎಕ್ಸ್‌ಪ್ಯಾನ್ಸಂನ ಎಎಫ್‌ಪಿಎ ಜೀನನ್ನು (ಬೂಷ್ಟು ತಡೆಯುವ ಒಂದು ಚಿಕ್ಕ ಪ್ರೋಟೀನಿನ ಜೀನ್) ಪೆ. ಕ್ರೈಸೋಜೀನಂಗೆ ಸೇರಿಸಿದ್ದೇವೆ. ಎಕ್ಸ್‌ಪ್ಯಾನ್ಸಂ ಪ್ಯಾಟುಲಿನ್ ವಿಷ ಬಿಡುವುದರಿಂದ ನೇರವಾಗಿ ಅದರಿಂದ ಪ್ರೋಟೀನ್ ತೆಗೆಯುವುದು ಬೇಡವೆಂದು ಈ ದಾರಿ. ಪಿಎಎಫ್ ಎಂದರೆ ಕ್ರೈಸೋಜೀನಂನದೇ ಅಂಥ ಪ್ರೋಟೀನು. ಅದರ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ಭಾಗ) ಬಳಸಿದ್ದೇವೆ, ಮಾರ್ಕರ್ ನೌರ್ಸಿಯೋಥ್ರಿಸಿನ್ ಎಂಬ ಆ್ಯಂಟಿಬಯಾಟಿಕ್ ತಾಳುವ ಜೀನ್, ತಳಿಯ ಸ್ವಂತ ಪಿಎಎಫ್ ಜೀನ್ ತೆಗೆದದ್ದು. ಪಿಸಿಆರ್ ಸರಿಯಾಗಿ ಬರುತ್ತದೆ. ಪಿಡಿಬಿಯಲ್ಲಿ (ಆಲೂಗಡ್ಡೆ-ಡೆಕ್ಸ್ಟ್ರೋಸ್ ಸಾರು) 4 ದಿನ ಬೆಳೆಸಿ, ಸೋಸಿ, ಮಾಮೂಲಿ ಡಯಾಲಿಸಿಸ್ ಟ್ಯೂಬಿನಲ್ಲಿ ಉಪ್ಪು ತೆಗೆದು, 12% ಜೆಲ್ ಓಡಿಸಿದರೆ ಏನೂ ಇಲ್ಲ. ಆ ದ್ರಾವಣ ಬೂಷ್ಟನ್ನು ತಡೆಯುತ್ತಲೂ ಇಲ್ಲ. ಎಲ್ಲಿ ಹುಡುಕಬೇಕು?

ಶೋಧಕ_ಮೈಸೂರು:
ಮೊದಲು ಟ್ಯೂಬಿನ ರಂಧ್ರ ಎಷ್ಟೆಂದು ನೋಡಿ. ಸಾಮಾನ್ಯ ಟ್ಯೂಬಿನ ಮಿತಿ 12ರಿಂದ 14 ಕಿಲೋಡಾಲ್ಟನ್, ನಿಮ್ಮ ಪ್ರೋಟೀನು ಆರೇಳು ಕಿಲೋಡಾಲ್ಟನ್. ಅಂದರೆ ಅದು ಬಕೆಟ್ಟಿನ ಬಫರಿಗೆ ಹೋಗಿರುತ್ತದೆ. ಮಿತಿ 3.5 ಅಥವಾ 2 ಇರುವ ಟ್ಯೂಬ್ ತನ್ನಿ. ಅಲ್ಟ್ರಾಫಿಲ್ಟ್ರೇಶನ್ ಮಾಡುವವರಿಗೂ ಇದೇ ಮಾತು: 30 ಕಿಲೋಡಾಲ್ಟನ್ ಪೊರೆಯಿಂದ ದಪ್ಪ ಪ್ರೋಟೀನುಗಳು ಮೇಲೆ ಉಳಿಯುತ್ತವೆ, ನಿಮಗೆ ಬೇಕಾದದ್ದು ಕೆಳಗಿಳಿದ ನೀರಿನಲ್ಲಿರುತ್ತದೆ. ಅದನ್ನು ಚೆಲ್ಲಬೇಡಿ.

ಜೆಲ್ಲೂ ತಪ್ಪು. 12% ಜೆಲ್ಲಿನಲ್ಲಿ ಇಷ್ಟು ಚಿಕ್ಕದು ಬಣ್ಣದ ಗೆರೆಯ ಜೊತೆಗೇ ಓಡಿಬಿಡುತ್ತದೆ. 16% ಟ್ರೈಸಿನ್ ಜೆಲ್ ಮಾಡಿ. ಕೂಮಾಸಿ ಬಣ್ಣ ಹಾಕಿ ಗಂಟೆಗಟ್ಟಲೆ ತೊಳೆದರೆ ಬ್ಯಾಂಡೇ ಜೆಲ್ಲಿನಿಂದ ಹೊರಗೆ ಬರುತ್ತದೆ. ಮೊದಲು ಚೆನ್ನಾಗಿ ಫಿಕ್ಸ್ ಮಾಡಿ, ಆಮೇಲೆ ಬೆಳ್ಳಿ ಬಣ್ಣ ಹಾಕುವುದು ಕ್ಷೇಮ.

ಅಳೆಯುವಾಗಲೂ ಒಂದು ಮೋಸವಿದೆ. 55 ಅಮೈನೋ ಆಮ್ಲಗಳ ಪಿಎಎಫ್‌ನಲ್ಲಿ ಟ್ರಿಪ್ಟೊಫಾನ್ ಒಂದೂ ಇಲ್ಲ, ಟೈರೋಸಿನ್ ಮೂರೇ. ಮಿಲಿಗೆ 1 ಮಿಗ್ರಾಂ ಇದ್ದರೂ 280 ನ್ಯಾನೋಮೀಟರಿನಲ್ಲಿ ಓದುವುದು ಸುಮಾರು 0.77. ಎಎಫ್‌ಪಿಎ ಲೆಕ್ಕವನ್ನು ಅದರದೇ ಅನುಕ್ರಮದಿಂದ ಮಾಡಿಕೊಳ್ಳಿ, ಕೈಗೆ ಸಿಕ್ಕ ಗುಣಾಂಕ ಬಳಸಬೇಡಿ.

ಹುದುಗುಪಾತ್ರೆ:
ಮೇಲಿನದ್ದೆಲ್ಲ ಸರಿ, ಆದರೆ ಪಿಡಿಬಿ ಬಿಡದಿದ್ದರೆ ಹುಡುಕಲು ಪ್ರೋಟೀನೇ ಇರುವುದಿಲ್ಲ. ಪಿಎಎಫ್ ಪ್ರೊಮೋಟರ್ ಹೊಟ್ಟೆ ತುಂಬಿದ ಬೂಷ್ಟಿನಲ್ಲಿ ಸೋಮಾರಿ. ಆಹಾರ ಕಡಿಮೆಯಾಗಿ ಬೆಳವಣಿಗೆ ನಿಂತ ಮೇಲೆ ಚುರುಕಾಗುತ್ತದೆ. ಕನಿಷ್ಠ ಮಾಧ್ಯಮ ಬಳಸಿ. ಲೀಟರಿಗೆ ಸುಕ್ರೋಸ್ 20 ಗ್ರಾಂ, ಸೋಡಿಯಂ ನೈಟ್ರೇಟ್ 3 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.5 ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 0.5 ಗ್ರಾಂ, ಫೆರಸ್ ಸಲ್ಫೇಟ್ 0.05 ಗ್ರಾಂ, ಜೊತೆಗೆ 25 ಮಿಲಿಮೋಲಾರ್ ಫಾಸ್ಫೇಟ್ ಬಫರ್, ಪಿಎಚ್ 5.8. ಫಾಸ್ಫೇಟನ್ನು ಬೇರೆಯಾಗಿ ಆಟೊಕ್ಲೇವ್ ಮಾಡಿ ಆರಿದ ಮೇಲೆ ಸೇರಿಸಿ, ಇಲ್ಲದಿದ್ದರೆ ಕಬ್ಬಿಣ ಗಷ್ಟಾಗಿ ಕೂರುತ್ತದೆ.

1 ಲೀಟರ್ ಫ್ಲಾಸ್ಕಿಗೆ 200 ಮಿಲಿ ಮಾತ್ರ, ಮಿಲಿಗೆ ಹತ್ತು ಲಕ್ಷ ಬೀಜಕ, 25 ಡಿಗ್ರಿ, ಶೇಕರ್. 72ರಿಂದ 96 ಗಂಟೆಗೆ ಕೊಯ್ಲು. ಅದಕ್ಕೂ ಮುಂದೆ ಬಿಟ್ಟರೆ ಎಳೆಗಳು ಒಡೆದು ಒಳಗಿನ ಪ್ರೋಟೀನು, ಪ್ರೋಟಿಯೇಸ್ ಎಲ್ಲ ಬೆರೆಯುತ್ತವೆ.

ಜೀನನ್ನೂ ಇನ್ನೊಮ್ಮೆ ನೋಡಿ. ಪಿಎಎಫ್ ಮೊದಲು 92 ಅಮೈನೋ ಆಮ್ಲಗಳ ಸರಪಳಿಯಾಗಿ ತಯಾರಾಗುತ್ತದೆ: ಆಮೇಲೆ ಕತ್ತರಿಸಿಹೋಗುವ ಸಿಗ್ನಲ್ ಭಾಗ 18, ಪ್ರೊ ಭಾಗ 19, ಉಳಿದದ್ದು ನಿಜವಾದ ಪ್ರೋಟೀನು. ನಿಮ್ಮ ಜೀನನ್ನು ಆ ಎರಡರ ಹಿಂದೆ ಕೂಡಿಸುವಾಗ ಒಂದು ಕೋಡಾನ್ ಜಾರಿದರೂ ಕತ್ತರಿಸುವ ಜಾಗ ತಪ್ಪುತ್ತದೆ. ಪಿಸಿಆರ್ ಬ್ಯಾಂಡ್ ಇದನ್ನು ಹೇಳುವುದಿಲ್ಲ, ಸೀಕ್ವೆನ್ಸ್ ಮಾಡಿಸಿ. ಇ. ಕೋಲಿಯಲ್ಲಿ ಮಾಡಿದರೆ ಸುಲಭವಲ್ಲವೇ ಎಂದು ಯಾರಾದರೂ ಕೇಳಿದರೆ: ಆರು ಸಿಸ್ಟೀನ್ ಸೇರಿ ಮೂರು ಡೈಸಲ್ಫೈಡ್ ಕೊಂಡಿಗಳು ಸರಿಯಾದ ಜೋಡಿಯಲ್ಲಿ ಕೂಡಬೇಕು. ಬೂಷ್ಟು ಅದನ್ನು ತಾನೇ ಮಾಡಿ ಹೊರಗೆ ಬಿಡುತ್ತದೆ.

ಶೋಧಕ_ಮೈಸೂರು:
ಶುದ್ಧೀಕರಣಕ್ಕೆ ಸಿಎಂ-ಸೆಫರೋಸ್ (ಧನ ಆವೇಶದ ಪ್ರೋಟೀನುಗಳನ್ನು ಹಿಡಿಯುವ ಕಾಲಂ) ಸಾಕು. ಪ್ರೋಟೀನಿಗೆ ಧನ ಆವೇಶ ಜಾಸ್ತಿ, ಪಿಎಚ್ 6.6ರಲ್ಲಿ ಕಾಲಂಗೆ ಅಂಟಿಕೊಳ್ಳುತ್ತದೆ. ಉಪ್ಪನ್ನು 1 ಮೋಲಾರ್‌ವರೆಗೆ ಏರಿಸುತ್ತ ಬಿಡಿಸಿಕೊಳ್ಳಿ. ಕ್ರೈಸೋಜೀನಂ ತಯಾರಿಸುವ ಪೆನಿಸಿಲಿನ್ ಋಣ ಆವೇಶದ್ದು, ಅಂಟದೆ ಹರಿದುಹೋಗುತ್ತದೆ. ಅಲರ್ಜಿ ಇರುವವರು ಆ ಮೊದಲ ನೀರನ್ನು ಮುಟ್ಟದಿರಲಿ. ಕಾಲಂಗೆ ಹಾಕುವ ಮೊದಲು ಉಪ್ಪು ತಗ್ಗಿಸಲೇಬೇಕು: ಮಾಧ್ಯಮದ ನೈಟ್ರೇಟ್ ಒಂದೇ 35 ಮಿಲಿಮೋಲಾರ್, ಫಾಸ್ಫೇಟ್ ಬೇರೆ.

ಬೂಷ್ಟುಬಳಗ:
ಧನ್ಯವಾದ, ಟ್ಯೂಬ್, ಜೆಲ್, ಮಾಧ್ಯಮ ಮೂರನ್ನೂ ಬದಲಾಯಿಸುತ್ತೇವೆ. ಬೂಷ್ಟು ತಡೆಯುವ ಪರೀಕ್ಷೆ ಪೂರ್ತಿ ಪಿಡಿಬಿಯಲ್ಲೇ ಇತ್ತು, ಅದು ಸರಿಯೇ? ಆಮೇಲೆ ಕೊಡಗಿನ ಕಿತ್ತಳೆಯ ಮೇಲೆ ನೋಡಬೇಕೆಂದಿದೆ.

ಹುದುಗುಪಾತ್ರೆ:
ಸರಿಯಲ್ಲ. ಈ ಪ್ರೋಟೀನುಗಳು ಉಪ್ಪು ಕಂಡರೆ ಮಂಕಾಗುತ್ತವೆ, ಕ್ಯಾಲ್ಸಿಯಂ ಇದ್ದರಂತೂ ಇನ್ನೂ. ಪಿಡಿಬಿಯನ್ನು 20 ಪಟ್ಟು ತೆಳು ಮಾಡಿ, ಮಿಲಿಗೆ 25,000 ಬೀಜಕ ಹಾಕಿ, 25 ಡಿಗ್ರಿಯಲ್ಲಿ 48 ಗಂಟೆ ಇಟ್ಟು ಬೆಳವಣಿಗೆಯ ಮಬ್ಬನ್ನು (ಒ.ಡಿ.) ಅಳೆಯಿರಿ. ಕಾಲಂನಿಂದ ಬಂದದ್ದನ್ನು ಉಪ್ಪಿನ ಸಮೇತ ಹಾಕಿದರೆ ಒಳ್ಳೆಯ ಪ್ರೋಟೀನೂ ಸತ್ತಂತೆ ಕಾಣುತ್ತದೆ. ಪ್ರೋಟೀನಿಲ್ಲದ ಅದೇ ಬಫರ್ ಪರೀಕ್ಷಾ ತಟ್ಟೆಯ ಒಂದು ಗುಳಿಯಲ್ಲಿ ಇರಲಿ.

ಕೊಡಗಿನ ಕಿತ್ತಳೆಯ ಸಿಪ್ಪೆ ಸಡಿಲ, ಗಾಯದ ಆಳ ಒಂದೇ ಸಮ ಬರುವುದಿಲ್ಲ. ಮೋಸಂಬಿ ಅಥವಾ ಸಿಹಿ ಕಿತ್ತಳೆಯಿಂದ ಶುರುಮಾಡಿ. ಅಂಗಡಿಯ ಹೊಳೆಯುವ ಹಣ್ಣು ಬೇಡ, ಮೇಣದಲ್ಲಿ ಶಿಲೀಂಧ್ರನಾಶಕ ಇರಬಹುದು, ತೊಳೆದರೂ ಪೂರ್ತಿ ಹೋಗುವ ಭರವಸೆ ಇಲ್ಲ. ಕಿತ್ತಳೆಗೆ ಹಸಿರು ಬೂಷ್ಟು ಹಿಡಿಸುವ ಪೆ. ಡಿಜಿಟೇಟಂ ಬೀಜಕವನ್ನು ಮಿಲಿಗೆ 10,000ದಂತೆ ಪ್ರೋಟೀನಿನೊಂದಿಗೆ ಬೆರೆಸಿ, ಹಣ್ಣಿನ ನಡುಸುತ್ತಿನ ನಾಲ್ಕು ಗಾಯಗಳಿಗೆ 5 ಮೈಕ್ರೋಲೀಟರ್ ಹಾಕಿ, 20 ಡಿಗ್ರಿಯಲ್ಲಿ ತೇವ ಹೆಚ್ಚಿಟ್ಟು ದಿನಾ ಗಾಯ ಎಣಿಸಿ. ಬೆರೆಸಿ ಹಾಕುವುದು ಪ್ರೋಟೀನಿಗೆ ಸುಲಭದ ಪರೀಕ್ಷೆ. ಸೋಂಕು ಹತ್ತಿದ ಮೇಲೆ ಹಚ್ಚಿ ನೋಡಿದರಷ್ಟೇ ಪ್ಯಾಕ್‌ಹೌಸಿನವರು ಕೇಳುವ ಉತ್ತರ ಸಿಗುತ್ತದೆ.

ನಿಯಮಪುಸ್ತಕ:
ಒಂದು ಮಾತು. ಇದು ಜೀನ್ ಬದಲಿಸಿದ ಜೀವಿ, 1989ರ ನಿಯಮಗಳಡಿ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಕಡತದಲ್ಲಿ ಇರಬೇಕು. ಹಣ್ಣಿಗೆ ಹಾಕುವ ದ್ರಾವಣವನ್ನು 0.2 ಮೈಕ್ರಾನಿನಲ್ಲಿ ಸೋಸಿ, ನೌರ್ಸಿಯೋಥ್ರಿಸಿನ್ ತಟ್ಟೆಯಲ್ಲಿ ಹರಡಿ ಏನೂ ಬೆಳೆಯುವುದಿಲ್ಲವೆಂದು ಖಾತ್ರಿ ಮಾಡಿಕೊಂಡೇ ಲ್ಯಾಬಿನಿಂದ ಹೊರಗೆ ತನ್ನಿ. ಸೋಸಿದ ಎಳೆಗಳನ್ನು ಆಟೊಕ್ಲೇವ್ ಮಾಡದೆ ಕಸಕ್ಕೆ ಹಾಕುವಂತಿಲ್ಲ.