ಪೇಟೆಯ ಖಾಲಿ ಸೈಟು, ಪಾರ್ಕಿಂಗ್, ಹಳೇ ಗೋಡೆ: ಇಂಜಿನಿಯರ್ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ನಮ್ಮ ಕೋಲಾರದ ಹಳೇ ಪೇಟೆಯಲ್ಲಿ ಬಿದ್ದ ಮನೆ, ಕೆಡವಿದ ಮನೆ, ಖಾಲಿ ಸೈಟು ಜಾಸ್ತಿ ಆಗ್ತಾ ಇವೆ. ಕೆಲವು ಕಡೆ ಕಾರು ನಿಲ್ಲುತ್ತವೆ, ಕೆಲವು ಕಡೆ ಕಸ. ಅಲ್ಲಿ ಏನು ಕಟ್ಟಬಹುದು, ಹೇಗೆ ಕಟ್ಟಬೇಕು ಅಂತ ತುಂಬಾ ಜನ ಕೇಳಿದ್ದೀರಿ. ಹಳೇ ಕಟ್ಟಡಗಳ ಕೆಲಸ ಮಾಡುವ ಸ್ಟ್ರಕ್ಚರಲ್ ಇಂಜಿನಿಯರ್ ಮೇಡಂ ಈ ಸಂಜೆ ಉತ್ತರ ಕೊಡ್ತಾರೆ. ಸೈಟಿನ ಅಳತೆ, ಅಕ್ಕಪಕ್ಕ ಏನಿದೆ ಅಂತ ಬರೆದು ಕೇಳಿ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ದೊಡ್ಡಪೇಟೆ ಬಟ್ಟೆ ಅಂಗಡಿ: ನಮಸ್ಕಾರ ಮೇಡಂ. ಅಂಗಡಿ ಹಿಂದೆ ನಮ್ಮದೇ 30-40 ಸೈಟು ಇದೆ. ಹಳೇ ಮನೆ ಬಿದ್ದುಹೋಯ್ತು. ಮೂಲೆಯಲ್ಲಿ ಒಂದು ಬಾವಿ. ಕಟ್ಟೋಕೆ ಸದ್ಯ ದುಡ್ಡಿಲ್ಲ. ಬಾವಿ ಮುಚ್ಚಿಸಿ, ಪೂರ್ತಿ ಕಾಂಕ್ರೀಟ್ ಹಾಕಿಸಿ ಗಿರಾಕಿಗಳ ಗಾಡಿಗೆ ಬಿಡೋಣ ಅಂತ. ಎಷ್ಟು ಕಾರು ಹಿಡಿಯುತ್ತೆ?

ಇಂಜಿನಿಯರ್ ಮೇಡಂ: ನಮಸ್ಕಾರ. ತಿರುಗಿಸೋ ಜಾಗವೂ ಸೇರಿ ಬಯಲಲ್ಲಿ ಒಂದು ಕಾರಿಗೆ ಸುಮಾರು 23 ಚದರ ಮೀಟರ್ ಬೇಕು. ನಿಮ್ಮ ಸೈಟು 111 ಚದರ ಮೀಟರ್. ನಾಲ್ಕು ಕಾರು ನಿಲ್ಲುತ್ತೆ, ಐದನೆಯದು ಕಷ್ಟ. ಅದೇ ಜಾಗದಲ್ಲಿ ಬೈಕು, ಸ್ಕೂಟರು ಮೂವತ್ತಕ್ಕೂ ಜಾಸ್ತಿ ಹಿಡಿಯುತ್ತೆ. ಬಟ್ಟೆ ಅಂಗಡಿಗೆ ಯಾವುದು ಲಾಭ ಅಂತ ನೀವೇ ನೋಡಿ.

ಕಾಂಕ್ರೀಟ್ ಬೇಡ. ಒಂದು ಇಂಚು ಮಳೆ ಬಂದರೆ ಆ ಸೈಟಿನ ಮೇಲೆ ಸುಮಾರು 2,800 ಲೀಟರ್ ನೀರು ಬೀಳುತ್ತೆ. ಪೂರ್ತಿ ಕಾಂಕ್ರೀಟ್ ಆದರೆ ಅಷ್ಟೂ ಪಕ್ಕದವರ ಗೋಡೆ ಬುಡಕ್ಕೆ ಹೋಗುತ್ತೆ. ಪೇಟೆಯಲ್ಲಿ ಆ ಗೋಡೆ ಹೆಚ್ಚಾಗಿ ಮಣ್ಣಿನದು. ಗಟ್ಟಿ ಮಣ್ಣು ಹಾಕಿ ದಮ್ಮಸ್ಸು ಮಾಡಿಸಿ (ಬಡಿದು ಗಟ್ಟಿ ಮಾಡಿಸಿ), ಮೇಲೆ ಜಲ್ಲಿ ಹರಡಿ. ಇಳಿಜಾರು ಗೋಡೆಗಳಿಂದ ಆಚೆಗೆ ಇರಲಿ. ಗೋಡೆಯಿಂದ ಮೂರು ಅಡಿ ಬಿಟ್ಟು ಗಾಡಿ ನಿಲ್ಲಿಸಿ. ಬಾವಿಗೆ ಕಟ್ಟೆ ಕಟ್ಟಿ, ಮೇಲೆ ಕಬ್ಬಿಣದ ಜಾಲರಿ ಕೂರಿಸಿ ಬೀಗ ಹಾಕಿ. ಕಟ್ಟಡದ ಕಸ ತುಂಬಿ ಮುಚ್ಚಿದರೆ ಅದು ವರ್ಷಗಟ್ಟಲೆ ಕುಸೀತಾ ಇರುತ್ತೆ. ನಾಳೆ ಅದರ ಮೇಲೆ ಪಿಲ್ಲರ್ ಬಂದರೆ ತೊಂದರೆ ನಿಮಗೇ. ಚಾವಣಿ ನೀರನ್ನು ಸೋಸಿ ಆ ಬಾವಿಗೆ ಬಿಡಿ. ನದಿ ಇಲ್ಲದ ಊರು ನಮ್ಮದು.

ಕೋಟೆ ಹುಡುಗ: ಮೇಡಂ, ತಾತನ ಮನೆ ಸೋಮೇಶ್ವರ ದೇವಸ್ಥಾನದಿಂದ ಸುಮಾರು 70 ಮೀಟರ್. ಹಿಂದಿನ ಅರ್ಧ ಬಿದ್ದಿದೆ. ಮುಂದಿನದೂ ಕೆಡವಿ ಒಂದೆರಡು ವರ್ಷ ಪಾರ್ಕಿಂಗ್ ಬಾಡಿಗೆಗೆ ಕೊಟ್ಟು, ಆಮೇಲೆ ಮೂರು ಮಹಡಿ ಕಟ್ಟೋ ಪ್ಲಾನ್. ಮುಂದಿನ ವಾರ ಜೆಸಿಬಿ ಹೇಳಿದ್ದೀವಿ.

ಇಂಜಿನಿಯರ್ ಮೇಡಂ: ಜೆಸಿಬಿ ಬೇಡ ಅಂತ ಈಗಲೇ ಫೋನ್ ಮಾಡಿ. ಆಮೇಲೆ ಇದನ್ನು ಓದಿ.

ಸೋಮೇಶ್ವರ ದೇವಸ್ಥಾನ, ಕೋಲಾರಮ್ಮನ ದೇವಸ್ಥಾನ ಎರಡೂ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ತಿದ್ದುಪಡಿ ಆಯ್ತು. ಅದರ ಪ್ರಕಾರ ರಕ್ಷಿತ ಜಾಗದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಅಳೆಯೋದು ಗಡಿಯಿಂದ, ಗೋಪುರದಿಂದ ಅಲ್ಲ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಸಿಗಲ್ಲ. 1992ರ ಜೂನ್ 16ಕ್ಕಿಂತ ಮುಂಚೆಯೇ ಇದ್ದ ಕಟ್ಟಡವನ್ನು ದುರಸ್ತಿ, ನವೀಕರಣ ಮಾಡೋಕೆ ಮಾತ್ರ ಅರ್ಜಿ ಹಾಕಬಹುದು.

ಅಂದರೆ ನಿಮ್ಮ ಕೈಲಿರೋ ಹಕ್ಕು ನಿಂತಿರೋ ಆ ಅರ್ಧ ಮನೆಯಲ್ಲಿದೆ. ಅದನ್ನೂ ಕೆಡವಿದರೆ ದುರಸ್ತಿ ಮಾಡೋಕೆ ಏನೂ ಉಳಿಯಲ್ಲ. ಸೈಟು ಖಾಲಿ ಸೈಟಾಗೇ ಇರುತ್ತೆ. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಮನೆಯ ಫೋಟೊ, ಹಳೇ ಕಂದಾಯ ರಸೀದಿ, ಖಾತೆ ಎಲ್ಲ ಒಟ್ಟು ಮಾಡಿ. ಬಿದ್ದ ಭಾಗಕ್ಕೆ ತಾಡಪಾಲು ಹಾಕಿ. ದುರಸ್ತಿಗೆ ಅರ್ಜಿ ಹಾಕಿ. ಗಟ್ಟಿ ಮಾಡಿದ ಹಳೇ ಮನೆಗೂ ಬಾಡಿಗೆ ಬರುತ್ತೆ.

ಕೋಟೆ ಹುಡುಗ: ಅಯ್ಯೋ, ಇದು ಯಾರೂ ಹೇಳಿರಲಿಲ್ಲ ಮೇಡಂ. ಜೆಸಿಬಿಯವರಿಗೆ ಬೇಡ ಅಂದೆ.

ಅಮ್ಮವಾರಿಪೇಟೆ ನಿವಾಸಿ: ನಮ್ಮ ಸೈಟು ದೇವಸ್ಥಾನದ ಕಾಂಪೌಂಡಿಂದ 90 ಮೀಟರ್. ಬರೀ ಗ್ರೌಂಡ್ ಫ್ಲೋರ್ ಕಟ್ಟಬಹುದಾ?

ಇಂಜಿನಿಯರ್ ಮೇಡಂ: ಖಾಲಿ ಸೈಟಾದರೆ ಇಲ್ಲ. ಮೇಲೆ ಬರೆದಿದ್ದೇನೆ.

ಹಾಲಿನ ಬೂತ್: ದೇವಸ್ಥಾನದಿಂದ 180 ಮೀಟರ್ ಆದ್ರೆ?

ಇಂಜಿನಿಯರ್ ಮೇಡಂ: ನಿಯಂತ್ರಿತ ಪ್ರದೇಶ. ಮೊದಲು ಸ್ಮಾರಕ ಕಾಯ್ದೆಯ ಅರ್ಜಿ ತಗೊಳ್ಳೋ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಆಮೇಲೆ ನಗರಸಭೆ ಲೈಸೆನ್ಸ್.

ಬೆಂಗಳೂರಲ್ಲಿರೋ ಕೋಲಾರದವನು: ಮೇಡಂ, ಅಣ್ಣ ತಮ್ಮಂದಿರು ಮೂವರ ಹೆಸರಲ್ಲಿ ಜಂಟಿ ಖಾತೆ ಇರೋ ಖಾಲಿ ಸೈಟು. ಒಬ್ಬರು ಸಹಿ ಹಾಕ್ತಿಲ್ಲ. ಪಾರ್ಕಿಂಗಿಗೆ ಬಿಡಬಹುದಾ?

ಕಠಾರಿಪಾಳ್ಯದ ಟೀಚರ್: ಮೇಡಂ, ನಮ್ಮದು ಸ್ವಲ್ಪ ಅರ್ಜೆಂಟು. ಅಮ್ಮ ಒಬ್ಬರೇ ಇರೋ ಹಳೇ ಮನೆ. ಮಣ್ಣಿನ ಗೋಡೆ, ಮಂಗಳೂರು ಹೆಂಚು. ಪಕ್ಕದ ಮನೆಗೂ ನಮಗೂ ಮಧ್ಯೆ ಒಂದೇ ಗೋಡೆ ಇತ್ತು. ಅವರದನ್ನು ಹೋದ ವರ್ಷ ಕೆಡವಿದರು. ಈಗ 25-50 ಸೈಟಲ್ಲಿ ಕೆಳಗೆ ಕಾರ್ ಪಾರ್ಕಿಂಗ್, ಮೇಲೆ ಮಳಿಗೆ ಅಂತ ಜೆಸಿಬಿಯಲ್ಲಿ ಎಂಟು ಅಡಿ ಅಗೆದಿದ್ದಾರೆ. ನಮ್ಮ ಗೋಡೆಗೆ ಅಂಟಿಕೊಂಡೇ ಗುಂಡಿ. ಮೊನ್ನೆಯಿಂದ ಕೋಣೆ ಬಾಗಿಲಿನ ಮೂಲೆಯಿಂದ ಓರೆಯಾಗಿ ಬಿರುಕು ಬಂದಿದೆ, ಉಗುರು ಹೋಗುತ್ತೆ. ಬಾಗಿಲು ಹಾಕೋಕೆ ಬರ್ತಿಲ್ಲ. ಸೈಟಿನವರು "ಹಳೇ ಮನೆ ಅಲ್ವಾ, ಬಿರುಕು ಇದ್ದದ್ದೇ" ಅಂತಾರೆ. ಫೋಟೊ ಹಾಕಿದ್ದೀನಿ.

ಇಂಜಿನಿಯರ್ ಮೇಡಂ: ಟೀಚರ್, ಅಮ್ಮ ಮಲಗೋದು ಆ ಕೋಣೆಯಲ್ಲಾ?

ಕಠಾರಿಪಾಳ್ಯದ ಟೀಚರ್: ಹೌದು ಮೇಡಂ.

ಇಂಜಿನಿಯರ್ ಮೇಡಂ: ಇವತ್ತು ರಾತ್ರಿ ಅಲ್ಲಿ ಮಲಗೋದು ಬೇಡ. ಮನೆಯಲ್ಲೇ ಬೇಡ, ನಿಮ್ಮ ಹತ್ತಿರ ಕರ್ಕೊಂಡು ಹೋಗಿ. ಗ್ಯಾಸ್ ಸಿಲಿಂಡರ್ ಆಚೆ ಇಡಿ. ಆ ಗೋಡೆಗೆ ತಾಗಿದ ಅಟ್ಟದ ಸಾಮಾನು ಇಳಿಸೋಕೆ ಹೋಗಬೇಡಿ.

ಫೋಟೊ ದೊಡ್ಡದು ಮಾಡಿ ನೋಡಿದೆ. ಬಿರುಕು ಕೆಳಗೆ ಕಿರಿದು, ಮೇಲಕ್ಕೆ ಹೋಗ್ತಾ ಅಗಲ ಆಗಿದೆ. ಹೊಸದು, ಒಳಗೆ ಧೂಳು ಕೂತಿಲ್ಲ. ಹಳೇ ಬಿರುಕಾದರೆ ಅಂಚು ಕಪ್ಪಾಗಿ ಸುಣ್ಣ ತುಂಬಿಕೊಂಡಿರುತ್ತೆ. ಬಾಗಿಲು ಹಿಡೀತಿದೆ ಅಂದರೆ ಚೌಕಟ್ಟೇ ವಾರೆ ಆಗಿದೆ. ಗೋಡೆಯ ಒಂದು ತುದಿ ಕೆಳಗಿಳೀತಾ ಇದೆ.

ಯಾಕೆ ಅಂತ ಹೇಳ್ತೀನಿ, ಸೈಟಿನವರಿಗೂ ತೋರಿಸಿ. ಪೇಟೆಯ ಹಳೇ ಮನೆಗಳ ಪಾಯ ಅಂದರೆ ಮಣ್ಣಲ್ಲಿ ಕೂರಿಸಿದ ಕಲ್ಲುಗಳು. ಎರಡು ಮೂರು ಅಡಿಗಿಂತ ಆಳ ಇರೋದು ಅಪರೂಪ. ಅವರು ಎಂಟು ಅಡಿ ಹೋಗಿದ್ದಾರೆ. ನಿಮ್ಮ ಪಾಯದ ಕೆಳಗಿನ ಮಣ್ಣಿಗೆ ಒಂದು ಪಕ್ಕದಲ್ಲಿ ಆಸರೆಯೇ ಇಲ್ಲ. ಒಣಗಿದ ಕೆಂಪು ಮಣ್ಣು ವಾರಗಟ್ಟಲೆ ನೆಟ್ಟಗೆ ನಿಲ್ಲುತ್ತೆ. ಅದನ್ನು ನೋಡಿ ಏನೂ ಆಗಲ್ಲ ಅಂದ್ಕೋತಾರೆ. ಒಂದು ಜೋರು ಮಳೆ ಸಾಕು, ದಂಡೆ ಸಮೇತ ಜಾರುತ್ತೆ. ಮುನ್ಸೂಚನೆ ಕೊಡಲ್ಲ.

ನಾಳೆ ಬೆಳಿಗ್ಗೆ ಆಗಬೇಕಾದ್ದು: ಅಗೆಯೋದು ನಿಲ್ಲಬೇಕು. ತೆಗೆದ ಮಣ್ಣನ್ನೇ ನಿಮ್ಮ ಗೋಡೆ ಉದ್ದಕ್ಕೂ ವಾಪಸ್ ತುಂಬಬೇಕು, ಅರ್ಧ ಅರ್ಧ ಅಡಿ ಹಾಕಿ ದಮ್ಮಸ್ಸು ಮಾಡಿ, ಪಾಯದ ಮಟ್ಟದವರೆಗೆ. ಮೇಲ್ಭಾಗ ಕನಿಷ್ಠ ನಾಲ್ಕು ಅಡಿ ಅಗಲ, ಅಲ್ಲಿಂದ ಗುಂಡಿ ಕಡೆಗೆ ಇಳಿಜಾರು. ಗುಂಡಿಯೊಳಗೆ ಆಳು ಇಳಿಸಬೇಡಿ, ಮೊದಲ ಮಣ್ಣು ಯಂತ್ರದಲ್ಲೇ ದೂರದಿಂದ ಸುರಿಯಲಿ. ಮೇಲೆ ತಾಡಪಾಲು. ನಿಮ್ಮ ಹೆಂಚಿನ ನೀರು ಆ ಕಡೆ ಬೀಳದ ಹಾಗೆ ಸೂರಿನಂಚಿಗೆ ತಗಡಿನ ದೋಣಿ (ನೀರು ಹರಿಯೋ ಕಾಲುವೆ) ಕಟ್ಟಿಸಿ. ಗೋಡೆಗೆ ನೀಲಗಿರಿ ಕಂಬ ಓರೆಯಾಗಿ ಕೊಡಬಹುದು, ಆದರೆ ಕಂಬದ ಬುಡ ಗಟ್ಟಿ ನೆಲದಲ್ಲಿರಬೇಕು. ಕಂಬ ಕೊಟ್ಟೆವು ಅಂತ ಮಣ್ಣು ತುಂಬೋದು ಬಿಡಬಾರದು.

ಬಿರುಕಿನ ಎರಡೂ ತುದಿಗೆ ಪೆನ್ಸಿಲಲ್ಲಿ ಗೆರೆ ಹಾಕಿ ತಾರೀಖು ಬರೆಯಿರಿ. ಬಿರುಕಿಗೆ ಅಡ್ಡ ಒಂದು ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ಕಡೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಹಚ್ಚಿ. ಗಾಜು ಒಡೆದರೆ ಗೋಡೆ ಇನ್ನೂ ಸರೀತಿದೆ ಅಂತ. ಮಣ್ಣು ತುಂಬಿದ ಮೇಲೆ, ಹಗಲಲ್ಲಿ, ಮೇಸ್ತ್ರಿ ಜೊತೆಗಿದ್ದು ಹಚ್ಚಲಿ. ನೀವು ಒಬ್ಬರೇ ಹೋಗಬೇಡಿ.

ಇನ್ನು ಆ ನೆಲಮಾಳಿಗೆ ಬಗ್ಗೆ. ಕಾರು ಇಳಿಯೋ ರ‍್ಯಾಂಪು ಎಂಟು ಅಡಿ ಉದ್ದಕ್ಕೆ ಒಂದು ಅಡಿಗಿಂತ ಕಡಿದಾಗಬಾರದು. ಎಂಟು ಅಡಿ ಇಳಿಯೋಕೆ 64 ಅಡಿ ಉದ್ದ ಬೇಕು. ಅವರ ಸೈಟೇ 50 ಅಡಿ. ಆ ಪಾರ್ಕಿಂಗಿಗೆ ಕಾರು ನೇರವಾಗಿ ಇಳಿಯೋದೇ ಇಲ್ಲ, ತಿರುಗಿಸಿ ಇಳಿಸೋಕೆ 25 ಅಡಿ ಅಗಲ ಸಾಲಲ್ಲ. ಅದು ಗೋಡೌನ್ ಆಗುತ್ತೆ. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು, ನಮ್ಮ ಕೆರೆಗಳಿಗೆ ಬಂದ ಮೇಲೆ ಅಂತರ್ಜಲವೂ ಮೇಲೆ ಬಂದಿದೆ, ಒಳಗೆ ಜಿನುಗೋ ಸಾಧ್ಯತೆಯೂ ಇದೆ. ಇಷ್ಟಕ್ಕೆ ನಿಮ್ಮ ಅಮ್ಮನ ಮನೆ ಹೋಗಬೇಕಾ? ನೆಲಮಟ್ಟದಲ್ಲೇ ಕಂಬದ ಮೇಲೆ ಕಟ್ಟಿ, ಕೆಳಗೆ ಗಾಡಿ ಬಿಡಲಿ. ನಿಮ್ಮ ಗೋಡೆ ಪಕ್ಕದ ಪಾಯ ಅಗೆಯುವಾಗ ಮೂರು ನಾಲ್ಕು ಅಡಿಯ ತುಂಡು ತುಂಡಾಗಿ, ಒಂದು ಬಿಟ್ಟು ಒಂದು ಅಗೆದು, ಕಟ್ಟಿ ಮುಗಿಸಿ, ಆಮೇಲೆ ಮುಂದಿನದು.

ನಗರಸಭೆಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಮಂಜೂರಾದ ನಕ್ಷೆಯಲ್ಲಿ ನೆಲಮಾಳಿಗೆ ಇದೆಯಾ ಅಂತ ಕೇಳಿ.

ಹಿತೈಷಿ: ಬಂದದ್ದು ಹಾಗೇ ಕಳಿಸ್ತಿದ್ದೀನಿ: "ನಮ್ಮ ಪೂರ್ವಜರ ರಹಸ್ಯ! ಬೆಲ್ಲದ ಪಾಕ, ಕೋಳಿಮೊಟ್ಟೆ ಬಿಳಿ, ಸಿಮೆಂಟ್ ಕಲಸಿ ಬಿರುಕಿಗೆ ಸುರಿದರೆ ಗೋಡೆ ಕಲ್ಲಿನಂತಾಗುತ್ತದೆ. ಇಂಜಿನಿಯರುಗಳು ಇದನ್ನು ಹೇಳುವುದಿಲ್ಲ. ಎಲ್ಲರಿಗೂ ಹಂಚಿ." ಟೀಚರ್ ಟ್ರೈ ಮಾಡಿ.

ಇಂಜಿನಿಯರ್ ಮೇಡಂ: ಟೀಚರ್, ಮಾಡಬೇಡಿ. ಹಿಂದಿನವರು ಬೆಲ್ಲ ಹಾಕಿದ್ದು ಸುಣ್ಣದ ಗಾರೆಗೆ. ಸಿಮೆಂಟಿಗೆ ಸಕ್ಕರೆ ಅಂಶ ಸೇರಿದರೆ ಅದು ಗಟ್ಟಿಯಾಗೋದೇ ತಡ ಆಗುತ್ತೆ. ಸರಿಯುತ್ತಿರೋ ಮಣ್ಣಿನ ಗೋಡೆಯೊಳಗೆ ನೀರು ನೀರಾದ ಪಾಕ ಸುರಿದರೆ ಒಳಗಿನ ಮಣ್ಣು ನೆನೆದು ಗೋಡೆ ಇವತ್ತೇ ಬೀಳಬಹುದು. ಒಬ್ಬ ವಯಸ್ಸಾದ ಹೆಂಗಸಿನ ತಲೆ ಮೇಲಿರೋ ಗೋಡೆ ಇದು. ಅಡ್ಮಿನ್, ಅದನ್ನು ಅಳಿಸಿ.

ಹಿತೈಷಿ: ಒಳ್ಳೇದಕ್ಕೇ ಹಾಕಿದ್ದು ಮೇಡಂ.

ಅಡ್ಮಿನ್: ಅಳಿಸಿದೆ.

ಹೂವಿನ ಅಂಗಡಿ: ಅಕ್ಕ, ಪಕ್ಕದ ಮನೆ ಕೆಡವಿದ ಮೇಲೆ ನಮ್ಮ ಮಣ್ಣಿನ ಗೋಡೆ ಬಯಲಿಗೆ ಬಿದ್ದಿದೆ. ಅವರ ತೊಲೆ ಕಿತ್ತ ತೂತುಗಳು ಹಾಗೇ ಇವೆ. ಸಿಮೆಂಟ್ ಪ್ಲಾಸ್ಟರ್ ಮಾಡಿಸಲಾ?

ಇಂಜಿನಿಯರ್ ಮೇಡಂ: ಸಿಮೆಂಟ್ ಬೇಡಮ್ಮ, ಒಳಗಿನ ತೇವ ಆಚೆ ಬರಲ್ಲ. ತೂತಿಗೆ ಇಟ್ಟಿಗೆ ಚೂರು, ಸುಣ್ಣದ ಗಾರೆ ತುಂಬಿಸಿ. ಆಮೇಲೆ ಸುಣ್ಣದ್ದೇ ಪ್ಲಾಸ್ಟರ್. ಅದಕ್ಕೂ ಮುಂಚೆ ಗೋಡೆ ನೆತ್ತಿಗೆ ಕಲ್ಲು ಚಪ್ಪಡಿಯೋ ಹೆಂಚೋ ಹೊದಿಸಿ. ನೀರು ಇಳಿಯೋದು ಅಲ್ಲಿಂದ.

ಎಂ.ಜಿ. ರೋಡ್ ಮೊಬೈಲ್: ಇಷ್ಟೆಲ್ಲ ಯಾಕೆ? ಪೇಟೆ ಮಧ್ಯದ ಖಾಲಿ ಸೈಟು ಎಲ್ಲ ಸೇರಿಸಿ ಒಂದು ಬಹುಮಹಡಿ ಪಾರ್ಕಿಂಗ್ ಕಟ್ಟಲಿ. ನಿಲ್ಲಿಸೋಕೆ ಜಾಗ ಇಲ್ಲ ಅಂತ ಗಿರಾಕಿ ಬೈಪಾಸ್ ಕಡೆ ಹೋಗ್ತಿದ್ದಾರೆ.

ನಿವೃತ್ತ ಮೇಷ್ಟ್ರು: ಬೆಂಗಳೂರಿನ ಫ್ರೀಡಂ ಪಾರ್ಕ್ ಹತ್ತಿರದ್ದು ಕಟ್ಟಿ ಮುಗಿದ ಮೇಲೂ ನಡೆಸೋರಿಲ್ಲದೆ ವರ್ಷಗಟ್ಟಲೆ ಸುಮ್ನೆ ನಿಂತಿತ್ತು. ಬೀದಿಯಲ್ಲಿ ಪುಕ್ಕಟೆ ನಿಲ್ಲಿಸೋಕೆ ಬಿಟ್ಟರೆ ದುಡ್ಡು ಕೊಟ್ಟು ಮೇಲೆ ಹತ್ತೋರು ಯಾರು ಸ್ವಾಮಿ?

ಹೂವಿನ ಅಂಗಡಿ: ಬೆಳಿಗ್ಗೆ 9ಕ್ಕೆ ನಿಮ್ಮ ಅಂಗಡಿ ಹುಡುಗರ ಬೈಕು ಸಾಲಾಗಿ ನಿಲ್ಲುತ್ತಲ್ಲಣ್ಣ, ರಾತ್ರಿ ತೆಗೀತೀರ. ಗಿರಾಕಿಗೆ ಜಾಗ ಎಲ್ಲಿಂದ ಬರುತ್ತೆ?

ಎಂ.ಜಿ. ರೋಡ್ ಮೊಬೈಲ್: ಲೈಸೆನ್ಸ್ ಕಟ್ಟಿ ವ್ಯಾಪಾರ ಮಾಡೋರು ನಾವು. ಮೊದಲು ತಳ್ಳುಗಾಡಿ ತೆಗೀಲಿ, ಆಮೇಲೆ ಬೈಕು ಮಾತಾಡೋಣ.

ಹೂವಿನ ಅಂಗಡಿ: ನಮ್ಮ ಅತ್ತೆ ಕಾಲದಿಂದ ಅಲ್ಲೇ ಹೂವು ಮಾರ್ತಿದ್ದೀವಿ. ನಿಮ್ಮ ಅಂಗಡಿ ಬಂದು ಎಷ್ಟು ದಿನ ಆಯ್ತು?

ದೊಡ್ಡಪೇಟೆ ಬಟ್ಟೆ ಅಂಗಡಿ: ಅಮ್ಮ ಹೇಳಿದ್ದು ಸರಿ ಇದೆ. ನನ್ನ ಸೈಟಲ್ಲಿ ಅಂಗಡಿ ಹುಡುಗರ ಬೈಕು ತಿಂಗಳ ಬಾಡಿಗೆಗೆ ನಿಲ್ಲಿಸಲಿ. ಬೀದಿ ಗಿರಾಕಿಗೆ ಬಿಡೋಣ.

ಎಂ.ಜಿ. ರೋಡ್ ಮೊಬೈಲ್: ಓ, ಈಗ ಬಾಡಿಗೆ ದಂಧೆ ಶುರುವಾಯ್ತು.

ಹಾಲಿನ ಬೂತ್: ಹುಷಾರು, ಖಾಲಿ ಸೈಟಲ್ಲಿ 12 ವರ್ಷ ಗಾಡಿ ನಿಲ್ಲಿಸಿದರೆ ಜಾಗ ಅವರದೇ ಅಂತ ಮೆಸೇಜ್ ಬಂದಿದೆ.

ಇಂಜಿನಿಯರ್ ಮೇಡಂ: ಸುಳ್ಳು. ಮಾಲೀಕರ ಒಪ್ಪಿಗೆಯಿಂದ, ಬಾಡಿಗೆ ಕೊಟ್ಟು ನಿಲ್ಲಿಸಿದರೆ ಎಷ್ಟು ವರ್ಷ ಆದರೂ ಜಾಗ ಅವರದಾಗಲ್ಲ. ಬರಹದಲ್ಲಿ ಕರಾರು ಮಾಡ್ಕೊಳ್ಳಿ. ಉಳಿದದ್ದು ವಕೀಲರನ್ನು ಕೇಳಿ. ಮೆಸೇಜುಗಳ ಬಗ್ಗೆ ಇನ್ನು ಉತ್ತರ ಕೊಡಲ್ಲ.

ಎಂ.ಜಿ. ರೋಡ್ ಮೊಬೈಲ್: ಮೇಡಂಗೆ ಅಭಿವೃದ್ಧಿನೇ ಬೇಡ. ಎಲ್ಲದಕ್ಕೂ ಬೇಡ ಬೇಡ.

ಇಂಜಿನಿಯರ್ ಮೇಡಂ: ಪೇಟೆಯಲ್ಲಿ ಕಟ್ಟಬೇಕು ಅನ್ನೋಳೇ ನಾನು. ಹಲ್ಲು ಉದುರಿದ ಹಾಗೆ ಬೀದಿ ತುಂಬಾ ಖಾಲಿ ಜಾಗ ನೋಡೋಕೆ ನನಗೂ ಸಂಕಟ. ಎರಡು ಮಹಡಿ, ಕೆಳಗೆ ಅಂಗಡಿ, ಮೇಲೆ ಮನೆ, ಬೀದಿಗೆ ಮುಖ ಮಾಡಿ ಕಟ್ಟಿ. ಪಕ್ಕದವರ ಗೋಡೆ ಬುಡ ನೋಡದೆ ಜೆಸಿಬಿ ಕರೆಸಬೇಡಿ ಅಂತಿರೋದು. ಇಲ್ಲಿ ಒಬ್ಬರ ಮನೆ ಬೀಳೋ ಸ್ಥಿತಿಯಲ್ಲಿದೆ, ನೀವು ಬೈಕಿಗೆ ಜಗಳ ಆಡ್ತಿದ್ದೀರಿ.

ಅಡ್ಮಿನ್: ಮೊಬೈಲ್ ಅಣ್ಣ, ಸಾಕು. ಹೂವಿನ ಅಮ್ಮ, ನೀವೂ.

ಅಮ್ಮವಾರಿಪೇಟೆ ನಿವಾಸಿ: 90 ಮೀಟರಲ್ಲಿ ಶೀಟ್ ಶೆಡ್ ಹಾಕಬಹುದಾ ಮೇಡಂ?

ಇಂಜಿನಿಯರ್ ಮೇಡಂ: ಶೆಡ್ಡೂ ಕಟ್ಟಡವೇ. ಇಲ್ಲ.

ಹೊಸ ಸದಸ್ಯ: ಮೇಡಂ, ಒಂದು ಚದರಕ್ಕೆ ಈಗ ಎಷ್ಟು ಬೀಳುತ್ತೆ?

ಕಠಾರಿಪಾಳ್ಯದ ಟೀಚರ್: ಮೇಡಂ, ಅಮ್ಮನ್ನ ಕರ್ಕೊಂಡು ಬಂದೆ. ಸೈಟಿನವರಿಗೆ ನಿಮ್ಮ ಉತ್ತರ ಓದಿ ಹೇಳಿದೆ. ಮೊದಲು ರೇಗಿದರು. 64 ಅಡಿ ಲೆಕ್ಕ ಕೇಳಿ ಅವರ ಮೇಸ್ತ್ರಿಗೆ ಫೋನ್ ಮಾಡಿದರು, ಆಮೇಲೆ ಮಾತಾಡಲಿಲ್ಲ. ಬೆಳಿಗ್ಗೆ 7ಕ್ಕೆ ಮಣ್ಣು ತುಂಬಿಸ್ತೀನಿ ಅಂದಿದ್ದಾರೆ. ಈಗ ಮೋಡ ಇದೆ.

ಇಂಜಿನಿಯರ್ ಮೇಡಂ: ಒಳ್ಳೇದಾಯ್ತು. ರಾತ್ರಿ ಮಳೆ ಬಂದರೂ ಯಾರೂ ಒಳಗೆ ಹೋಗಬೇಡಿ, ಸಾಮಾನಿಗೆ ಅಂತಲೂ ಬೇಡ. ಗೋಡೆ ಆಚೆ ಬದಿಯ ದಾರಿಗೆ ಹಗ್ಗ ಕಟ್ಟಿ, ಬೀದಿ ಮಕ್ಕಳಿಗೂ ಹೇಳಿ. ನಾನೂ 7ಕ್ಕೆ ಬರ್ತೀನಿ, ವಿಳಾಸ ನನ್ನ ನಂಬರಿಗೆ ಕಳಿಸಿ. ಉಳಿದವರ ಪ್ರಶ್ನೆ ಇವತ್ತು ಆಗಲ್ಲ.