ಹೊಲಿಗೆ ಮಷಿನ್‌ನ 32 ಫುಟ್‌ಗಳ ಡಬ್ಬಿ ತಗೊಳ್ಳಲಾ, ಬೇಡವಾ?

ಡೊಂಬಿವ್ಲಿಯಿಂದ, ಕೇಳಿದವರು:

ನಮಸ್ಕಾರ ಎಲ್ಲರಿಗೂ. ನಮ್ಮನೆಯಲ್ಲಿ ಎರಡು ಹೊಲಿಗೆ ಮಷಿನ್ ಇವೆ. ಒಂದು ಅತ್ತೆಯವರ ಕಾಲದ್ದು, ತುಳಿಯುವ ಕಪ್ಪು ಮಷಿನ್, ನೇರ ಹೊಲಿಗೆ ಮಾತ್ರ. ಇನ್ನೊಂದು ಹೋದ ದೀಪಾವಳಿಗೆ ತಗೊಂಡ ಉಷಾ ಜನೋಮ್, ಅದರಲ್ಲಿ ಝಿಗ್‌ಜ್ಯಾಗ್ ಬರುತ್ತದೆ. ಮಗಳ ಫ್ರಾಕು, ನನ್ನ ಕುರ್ತಾ, ಬ್ಲೌಸು ಎಲ್ಲ ನಾನೇ ಹೊಲಿಯುತ್ತೇನೆ. ದುಪಟ್ಟಾ ಅಂಚಿಗೆ, ಸೀರೆ ಪೀಕೋಗೆ ಹೊರಗೆ ಕೊಟ್ಟು ಕೊಟ್ಟು ಸಾಕಾಗಿದೆ. ಆನ್‌ಲೈನಲ್ಲಿ 32 ಫುಟ್ (ಸೂಜಿ ಪಕ್ಕದಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯುವ ಪುಟ್ಟ ಪಾದ) ಇರುವ ಡಬ್ಬಿ ನೋಡಿದೆ. ಎರಡೂ ಮಷಿನ್‌ಗೆ ಆಗುತ್ತದಾ? ನೀವು ನಿಜವಾಗಿ ಬಳಸುವುದು ಯಾವುದು? ವೀಡಿಯೊ ನೋಡಿ ನೋಡಿ ತಲೆ ಕೆಟ್ಟಿದೆ, ಬಳಸಿದವರೇ ಹೇಳಿ.

ಮುಲುಂಡ್‌ನಿಂದ:

ಆ ಡಬ್ಬಿ ತಗೊಂಡವಳು ನಾನು. ನಾಲ್ಕು ವರ್ಷ ಆಯ್ತು. 32ರಲ್ಲಿ ಆರು ಬಳಸಿದ್ದೇನೆ. ಉಳಿದವು ಗೂಡಲ್ಲಿ ಮಲಗಿವೆ, ಇಲ್ಲಿಯ ಮಳೆಗಾಲಕ್ಕೆ ಎರಡಕ್ಕೆ ತುಕ್ಕೂ ಹಿಡಿಯಿತು.

ಮೊದಲು ಸ್ಕೇಲ್ ತಗೊಳ್ಳಿ. ಫುಟ್ ಕೂರುವ ಕಂಬಕ್ಕೆ ಶ್ಯಾಂಕ್ ಅಂತಾರೆ. ಫುಟ್ ಕೆಳಗಿಳಿಸಿ, ಅದನ್ನು ಹಿಡಿದ ಸ್ಕ್ರೂವಿನ ನಡುವಿನಿಂದ ಕೆಳಗಿನ ತಗಡಿನವರೆಗೆ ಅಳೆಯಿರಿ. ಅರ್ಧದಿಂದ ಮುಕ್ಕಾಲು ಇಂಚು ಬಂದರೆ ಲೋ ಶ್ಯಾಂಕ್, ಡಬ್ಬಿಯವು ಕೂರುತ್ತವೆ. ಒಂದು ಇಂಚು ದಾಟಿದರೆ ಹೈ ಶ್ಯಾಂಕ್, ಗಾರ್ಮೆಂಟ್ ಫ್ಯಾಕ್ಟರಿಯ ಜೂಕಿ ತರಹದ್ದು, ಅದಕ್ಕೆ ಇವು ಆಗುವುದಿಲ್ಲ. ಮನೆ ಮಷಿನ್‌ಗಳು ಸಾಮಾನ್ಯವಾಗಿ ಲೋ ಶ್ಯಾಂಕೇ, ನಿಮ್ಮ ಕಪ್ಪು ಮಷಿನ್ ಕೂಡ ಹಾಗೇ ಇರಬಹುದು, ಆದರೂ ಅಳೆದೇ ತಗೊಳ್ಳಿ. ಕೂತ ಮಾತ್ರಕ್ಕೆ ಕೆಲಸ ಮಾಡುತ್ತದೆ ಅಂತಲ್ಲ. ಕಪ್ಪು ಮಷಿನ್‌ನ ತಗಡಿನಲ್ಲಿ ಸೂಜಿಗೆ ಒಂದೇ ಸಣ್ಣ ತೂತು, ಕೆಳಗಿನಿಂದ ಬಟ್ಟೆ ಎಳೆಯುವ ಹಲ್ಲಿನ ಪಟ್ಟಿಯೂ ಕಿರಿದು. ಅಗಲದ ಝಿಗ್‌ಜ್ಯಾಗ್ ಫುಟ್ ಹಾಕಿದರೆ ಬಟ್ಟೆ ಓರೆಯಾಗಿ ಹೋಗುತ್ತದೆ. ಓವರ್‌ಕಾಸ್ಟ್ (ದಾರ ಬಿಚ್ಚದಂತೆ ಅಂಚು ಸುತ್ತುವುದು), ಬಟನ್‌ಹೋಲ್, ಬ್ಲೈಂಡ್ ಹೆಮ್ (ಹೊಲಿಗೆ ಹೊರಗೆ ಕಾಣದ ಅಂಚಿನ ಮಡಿಕೆ) ಇವೆಲ್ಲ ನಿಮ್ಮ ಜನೋಮ್‌ಗೆ ಮಾತ್ರ.

ಇನ್ನು ನಾನು ಮಾಡಿಕೊಂಡ ಅನಾಹುತ. ಓವರ್‌ಕಾಸ್ಟ್ ಫುಟ್ ನಡುವೆ ಒಂದು ತೆಳು ಕಡ್ಡಿ ಇರುತ್ತದೆ, ಬಟ್ಟೆ ಅಂಚು ಸುರುಳಿಯಾಗದಂತೆ ದಾರ ಅದರ ಮೇಲೆ ಸುತ್ತಿಕೊಂಡು ಹೋಗಲಿ ಅಂತ. ಅಂಚು ಮುಗಿಸಿ, ಫುಟ್ ಬದಲಾಯಿಸದೆ, ನೇರ ಹೊಲಿಗೆಗೆ ತಿರುಗಿಸಿ ಪೆಡಲ್ ಒತ್ತಿಬಿಟ್ಟೆ. ಟಕ್ ಅಂತ ಶಬ್ದ ಬಂತು. ಸೂಜಿ ಮೊನೆ ಹಾರಿ ಕನ್ನಡಕದ ಗಾಜಿಗೆ ಬಡಿಯಿತು. ಕನ್ನಡಕ ಇಲ್ಲದಿದ್ದರೆ? ಅವತ್ತಿನಿಂದ ಯಾವ ಫುಟ್ ಹಾಕಿದರೂ ಕೈಚಕ್ರವನ್ನು ಎರಡು ಸುತ್ತು ಕೈಯಲ್ಲೇ ತಿರುಗಿಸಿ, ಸೂಜಿ ಎಲ್ಲೂ ತಾಗುವುದಿಲ್ಲ ಅಂತ ನೋಡಿಯೇ ಪೆಡಲ್ ಮುಟ್ಟುವುದು.

ನನಗೆ ಅತಿ ಉಪಯೋಗಕ್ಕೆ ಬಂದದ್ದು ಇನ್‌ವಿಸಿಬಲ್ ಜಿಪ್ ಫುಟ್. ಅದರ ಅಡಿಯಲ್ಲಿ ಎರಡು ಸಣ್ಣ ತೋಡು, ಜಿಪ್ಪಿನ ಹಲ್ಲು ಅದರೊಳಗೆ ಓಡುತ್ತದೆ. ಜಿಪ್ ತೆರೆದು, ಒಳಗೆ ಸುರುಳಿ ಸುತ್ತಿದ ಹಲ್ಲನ್ನು ಹದವಾದ ಬಿಸಿಯ ಇಸ್ತ್ರಿಯಲ್ಲಿ ಬಿಡಿಸಿ ಮಲಗಿಸಿ. ಪ್ಲಾಸ್ಟಿಕ್ ಅದು, ಜಾಸ್ತಿ ಬಿಸಿಯಾದರೆ ಕರಗುತ್ತದೆ. ಮೊದಲು ಜಿಪ್ ಹಚ್ಚಿ, ಆಮೇಲೆ ಅದರ ಕೆಳಗಿನ ಹೊಲಿಗೆ ಮುಚ್ಚಿ. ನಾನು ಮೊದಲ ಸಲ ಉಲ್ಟಾ ಮಾಡಿ, ಕುರ್ತಾ ಬೆನ್ನಲ್ಲಿ ಒಂದು ಗುಳ್ಳೆ ನಿಂತಿತ್ತು.

ಮಾಟುಂಗದಿಂದ:

ನಲವತ್ತು ವರ್ಷ ಹೊಲಿದಿದ್ದೇನೆ, ಈಗ ಮನೆಯವರಿಗೆ ಮಾತ್ರ. ಡಬ್ಬಿ ಬೇಡಮ್ಮ. ಕಪ್ಪು ಮಷಿನ್‌ಗೆ ಒಂದು ಸಿಂಗಲ್ ಫುಟ್ ತಗೊಳ್ಳಿ, ಒಂದೇ ಕಾಲಿರುವಂಥದ್ದು. ಜಿಪ್ಪೂ ಆಯ್ತು, ಬ್ಲೌಸಿನ ಪೈಪಿಂಗೂ ಆಯ್ತು. ಪೈಪಿಂಗ್ ಬಟ್ಟೆ ಓರೆ ಕತ್ತರಿಸಿ, ಡೋರಿ ಒಳಗಿಟ್ಟು, ಡೋರಿಗೆ ಅಂಟಿಕೊಂಡ ಹಾಗೆ ಹೊಲಿಯಿರಿ. ಕತ್ತಿನ ತಿರುವಿನಲ್ಲಿ ಅಂಚಿಗೆ ಚಿಕ್ಕ ಚಿಕ್ಕ ಕಟ್ ಕೊಡಿ. ಅಷ್ಟೇ.

ಪುಣೆ, ಕೊಥ್ರೂಡ್‌ನಿಂದ:

ಪೀಕೋ ವಿಷಯ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ಅಂಗಡಿಯವರು ಮಾಡುವ ಪೀಕೋ, ಅಂಚಿನ ಮೇಲೆ ಒತ್ತೊತ್ತಾಗಿ ಸುತ್ತುವ ಝಿಗ್‌ಜ್ಯಾಗ್. ರೋಲ್ಡ್ ಹೆಮ್ ಫುಟ್ ಮಾಡುವುದು ಬೇರೆ: ಅದರ ಮೂತಿಯಲ್ಲಿ ಬಸವನ ಹುಳದ ಚಿಪ್ಪಿನ ತರಹ ಒಂದು ಸುರುಳಿ ಇದೆ, ಬಟ್ಟೆ ಅದರೊಳಗೆ ಹೋಗುವಾಗ ತಾನೇ ಎರಡು ಮಡಿಕೆ ಆಗುತ್ತದೆ, ಮೇಲೆ ನೇರ ಹೊಲಿಗೆ ಬೀಳುತ್ತದೆ. ಹಾಗಾಗಿ ಇದು ಅತ್ತೆಯವರ ಕಪ್ಪು ಮಷಿನ್‌ನಲ್ಲೂ ನಡೆಯುತ್ತದೆ. 2, 3, 6 ಮಿಲಿಮೀಟರ್ ಹೀಗೆ ಅಳತೆಗಳಲ್ಲಿ ಸಿಗುತ್ತದೆ. ಕಾಟನ್ ದುಪಟ್ಟಾಕ್ಕೆ 3 ತಗೊಳ್ಳಿ. 2 ಕಲಿಯುವವರ ಕೈಗೆ ಬಗ್ಗುವುದಿಲ್ಲ. ಇನ್ನೊಂದು ನೋಡಿಕೊಳ್ಳಿ, ಕೆಲವು ಫುಟ್‌ನಲ್ಲಿ ಸೂಜಿಗೆ ಚಿಕ್ಕ ತೂತು ಮಾತ್ರ ಇರುತ್ತದೆ, ಅದರಲ್ಲಿ ಝಿಗ್‌ಜ್ಯಾಗ್ ಹಾಕಿದರೆ ಮುಲುಂಡ್‌ನವರ ಸೂಜಿಯ ಗತಿಯೇ.

ಎಲ್ಲರೂ ಕೆಡಿಸುವುದು ಶುರುವಿನ ಒಂದು ಇಂಚನ್ನು. ಸುರುಳಿಯೊಳಗೆ ಬಟ್ಟೆ ತುರುಕಲು ಹೋಗಿ ದಾರವೆಲ್ಲ ಎಳೆದುಕೊಂಡು ಬರುತ್ತದೆ. ನಾನು ಮಾಡುವುದು ಹೀಗೆ: ಮೊದಲ ಎರಡು ಇಂಚನ್ನು ಕೈಯಲ್ಲೇ ಎರಡು ಸಲ ಸಣ್ಣಗೆ ಮಡಚಿ ಇಸ್ತ್ರಿ ಒತ್ತುತ್ತೇನೆ. ಆ ಮಡಿಕೆಯನ್ನು ಫುಟ್ ಅಡಿ ಇಟ್ಟು ನಾಲ್ಕೈದು ಹೊಲಿಗೆ ಹಾಕಿ, ಸೂಜಿ ಬಟ್ಟೆಯೊಳಗೇ ಇರುವಂತೆ ನಿಲ್ಲಿಸುತ್ತೇನೆ. ಫುಟ್ ಎತ್ತಿ, ಮುಂದಿನ ಅಂಚನ್ನು ಸುರುಳಿಗೆ ಏರಿಸಿ, ಮತ್ತೆ ಇಳಿಸುತ್ತೇನೆ. ಹಿಂದೆ ಎರಡು ದಾರದ ಬಾಲ ಹಿಡಿದು ಸುಮ್ನೆ ಮೆಲ್ಲಗೆ ಎಳೆದುಕೊಂಡರೆ ಸಾಕು, ಬಟ್ಟೆ ಓಡಲು ಶುರು ಮಾಡುತ್ತದೆ. ಆಮೇಲೆ ಕಣ್ಣು ಸೂಜಿ ಮೇಲೆ ಇರಬಾರದು, ಸುರುಳಿಯ ಬಾಯಿ ಮೇಲೆ ಇರಬೇಕು. ಬಟ್ಟೆ ಜಾಸ್ತಿ ಹೋದರೆ ಉಬ್ಬುತ್ತದೆ, ಕಡಿಮೆ ಹೋದರೆ ಕತ್ತರಿಸಿದ ಅಂಚು ಹೊರಗೆ ಇಣುಕುತ್ತದೆ.

ಜಾರ್ಜೆಟ್, ಶಿಫಾನ್ ಜಾರುತ್ತವೆ. ನಮ್ಮಮ್ಮನ ಉಪಾಯ, ತಿಳಿ ಗಂಜಿ ನೀರು ಅಂಚಿಗೆ ಚಿಮುಕಿಸಿ ಒಣಗಿಸಿ ಹೊಲಿಯುವುದು, ಆಮೇಲೆ ಒಗೆದರೆ ಹೋಯಿತು. ಸೂಜಿ 11 ನಂಬರ್ ಹಾಕಿ, 14 ಹಾಕಿದರೆ ತೂತು ಕಾಣುತ್ತದೆ. ಫ್ರಾಕಿನ ಘೇರಕ್ಕೆ (ಕೆಳಗಿನ ಸುತ್ತಿನ ಅಂಚಿಗೆ) ಮಾತ್ರ ಈ ಫುಟ್ ಕಾಟ ಕೊಡುತ್ತದೆ. ಪಕ್ಕದ ಹೊಲಿಗೆ ದಪ್ಪ ಇರುವಲ್ಲಿ ಸುರುಳಿ ಸಿಕ್ಕಿಕೊಳ್ಳುತ್ತದೆ. ಅಲ್ಲಿ ಒಳಗಿನ ಬಟ್ಟೆಯನ್ನು ಓರೆ ಕತ್ತರಿಸಿ ತೆಳು ಮಾಡಿ. ಪೂರ್ತಿ ಗೋಲ ಘೇರವಾದರೆ ನಾನು ಈ ಫುಟ್ ಮುಟ್ಟುವುದೇ ಇಲ್ಲ, ಓರೆ ಭಾಗ ಎಳೆದುಕೊಂಡು ಅಲೆ ಅಲೆ ಬರುತ್ತದೆ. ಸೀರೆ ಫಾಲ್‌ಗಂತೂ ಕೈ ಹೊಲಿಗೆಯೇ ಚಂದ, ಯಾವ ಫುಟ್ಟೂ ಬೇಡ.

ಕೊಳ್ಳಲು ನಾನು ರವಿವಾರ್ ಪೇಠೆಗೆ ಹೋಗುತ್ತೇನೆ. ಮಷಿನ್‌ನ ಹಳೇ ಫುಟ್ ಬಿಚ್ಚಿ ಪರ್ಸಲ್ಲಿ ಹಾಕಿಕೊಂಡು ಹೋಗಿ, ಪಕ್ಕದಲ್ಲಿಟ್ಟು ನೋಡಿ ತರುವುದು. ಫೋಟೊ ತೋರಿಸಿ ತಂದದ್ದು ಎರಡು ಸಲ ಹಾಳಾಗಿದೆ.

ಗೋವಾ, ವಾಸ್ಕೊದಿಂದ:

ನಾವು ಹುಬ್ಬಳ್ಳಿ ಕಡೆಯವರು, ಮನೆಯಲ್ಲಿ ಕೌದಿ ಇಲ್ಲದೆ ನಿದ್ದೆ ಇಲ್ಲ. ಹಳೇ ಸೀರೆ ನಾಲ್ಕು ಪದರ ಇಟ್ಟು ಮಷಿನ್‌ನಲ್ಲಿ ಹೊಲಿದರೆ, ಕೆಳಗಿನದನ್ನು ಹಲ್ಲು ಎಳೆಯುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ, ಕೊನೆಗೆ ಮೂರು ಬೆರಳು ಬಟ್ಟೆ ಹೆಚ್ಚಾಗಿ ಮುದ್ದೆಯಾಗುತ್ತದೆ. ಇದಕ್ಕೆ ವಾಕಿಂಗ್ ಫುಟ್ ತಗೊಂಡೆ. ದೊಡ್ಡದು, ಕೊಕ್ಕರೆ ತರಹ ಕುಣಿಯುತ್ತದೆ, ಅದಕ್ಕೇ ಮೇಲಿನ ಪದರಕ್ಕೂ ಹಲ್ಲು ಸಿಕ್ಕ ಹಾಗೆ. ಪಕ್ಕದಲ್ಲಿರುವ ಕವಲು ಕೈ ಸೂಜಿಯ ಸ್ಕ್ರೂ ಮೇಲೆ ಕೂತಿರಬೇಕು. ನಾನು ಒಂದು ವಾರ ಅದನ್ನು ಸ್ಕ್ರೂ ಕೆಳಗೆ ಬಿಟ್ಟು ಹೊಲಿದು, ಫುಟ್ಟೇ ಕೆಟ್ಟದ್ದು ಅಂತ ಬೈದಿದ್ದೆ. ಮೆಲ್ಲಗೆ ಓಡಿಸಿ, ರಿವರ್ಸ್ ಬೇಡ. ಚೌಕಳಿ ಬಟ್ಟೆಯ ಕುರ್ತಾದಲ್ಲಿ ಪಕ್ಕದ ಗೆರೆಗೆ ಗೆರೆ ಕೂಡಿಸಲೂ ಇದು ಒಳ್ಳೆಯದು.

ಆದರೂ ಹಳಿಯಾಳ, ಯಲ್ಲಾಪುರ ಕಡೆ ಸಿದ್ದಿ ಹೆಂಗಸರು ಕೈಯಲ್ಲೇ ಅಂಚಿನಿಂದ ಒಳಗೆ ಸುತ್ತುತ್ತ ಹೊಲಿದು, ಮೂಲೆಗೆ ಮಡಚಿದ ಬಟ್ಟೆಯ ಹೂ ಇಡುವ ಕೌದಿ ನೋಡಿದರೆ ಮಷಿನ್‌ದು ಸಪ್ಪೆ ಅನಿಸುತ್ತದೆ, ಅಲ್ವಾ?

ರೆಕ್ಸಿನ್ ಚೀಲ ಹೊಲಿಯುವವರಿಗೆ ಟೆಫ್ಲಾನ್ ಫುಟ್ ಇದೆ, ಅಂಟುವುದಿಲ್ಲ. ಅದು ಇಲ್ಲದಿದ್ದರೆ ಮಾಮೂಲಿ ಫುಟ್ ಅಡಿಗೆ ಸೆಲ್ಲೋ ಟೇಪ್ ತುಂಡು ಅಂಟಿಸಿ, ಸೂಜಿ ಜಾಗ ಬಿಟ್ಟು.

ಬೊರಿವಲಿಯಿಂದ:

ಎಲ್ಲರೂ ಡಬ್ಬಿಯನ್ನು ಬೈಯುತ್ತಿದ್ದೀರಿ. ನನಗೆ ಆ ಡಬ್ಬಿಯಿಂದಲೇ ಯಾವುದು ಬೇಕು ಅಂತ ಗೊತ್ತಾಯಿತು. ಆದ್ರೆ ಹೊಲಿಯುವಾಗಲೇ ನೆರಿಗೆ ಹಾಕುವ ಗ್ಯಾದರಿಂಗ್ ಫುಟ್ ನಂಬಿ ಫ್ರಾಕು ಕತ್ತರಿಸಬೇಡಿ. ನೆರಿಗೆ ಏನೋ ಬರುತ್ತದೆ, ಎಷ್ಟು ಬಟ್ಟೆ ಎಷ್ಟಾಗುತ್ತದೆ ಅನ್ನುವುದು ಬಟ್ಟೆ, ದಾರದ ಬಿಗಿ (ಟೆನ್ಷನ್), ಹೊಲಿಗೆಯ ಉದ್ದ ನೋಡಿ ಬದಲಾಗುತ್ತದೆ. ಅದೇ ಬಟ್ಟೆಯ 10 ಇಂಚಿನ ಪಟ್ಟಿ ಹೊಲಿದು ಅಳೆದುಕೊಳ್ಳಿ. ಸೊಂಟಕ್ಕೆ ಸರಿಯಾಗಿ ಕೂರಬೇಕಾದ ನೆರಿಗೆಗೆ ನಾನು ಇವತ್ತಿಗೂ ಉದ್ದ ಹೊಲಿಗೆ ಎರಡು ಸಾಲು ಹಾಕಿ ದಾರ ಎಳೆಯುವುದೇ.

ಡೊಂಬಿವ್ಲಿಯಿಂದ, ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಅಳೆದೆ, ಎರಡೂ ಲೋ ಶ್ಯಾಂಕೇ. ಡಬ್ಬಿ ಬಿಟ್ಟೆ. ಮಂಗಲ್‌ದಾಸ್ ಮಾರ್ಕೆಟ್‌ಗೆ ಬಟ್ಟೆಗೆ ಹೋದಾಗ ಆ ಕಡೆಯಲ್ಲೇ ಹುಡುಕಿ ಸಿಂಗಲ್ ಫುಟ್, 3ರ ರೋಲ್ಡ್ ಹೆಮ್, ಇನ್‌ವಿಸಿಬಲ್ ಜಿಪ್ ಫುಟ್, ಇಷ್ಟೇ ತಂದೆ. ಹಳೇ ಫುಟ್ ಪರ್ಸಲ್ಲಿ ಇತ್ತು, ಅಂಗಡಿಯವನು ಅದನ್ನು ನೋಡಿದ್ದೇ ಸರಿಯಾದದ್ದು ಎತ್ತಿ ಕೊಟ್ಟ. ಹಳೇ ದುಪಟ್ಟಾ ಮೇಲೆ ಹೆಮ್ ಮಾಡಿ ನೋಡಿದೆ. ಮೊದಲ ಒಂದು ಗೇಣು ಹಾವು ಹರಿದ ಹಾಗೆ, ಮೂರನೇ ಬದಿ ಬರುವಷ್ಟರಲ್ಲಿ ಪರವಾಗಿಲ್ಲ. ಮೂಲೆಗಳು ಮಾತ್ರ ಇನ್ನೂ ಬಾಯಿ ಬಿಟ್ಟುಕೊಂಡೇ ಇವೆ, ಅದನ್ನು ಕೈಯಲ್ಲಿ ಹೊಲಿದೆ.

ಫುಟ್ ಬದಲಾಯಿಸುವಾಗ ಆ ಪುಟ್ಟ ಸ್ಕ್ರೂ ಬಿದ್ದು ಎರಡು ದಿನ ಸಿಗಲಿಲ್ಲ. ಮಷಿನ್ ಕೆಳಗಿನ ಎಣ್ಣೆ ಬಟ್ಟೆಯ ಮಡಿಕೆಯಲ್ಲಿತ್ತು. ಈಗ ಫ್ರಿಜ್ ಮೇಲಿನ ಒಂದು ಮ್ಯಾಗ್ನೆಟ್ ತಂದು ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ.