ಅಕ್ಕನ ಮಗನನ್ನು ಹಾಸ್ಟೆಲಿಗೆ ಸೇರಿಸಬೇಕಾ? ಸರ್ಕಾರದ ಹಣ ಏನಾದರೂ ಸಿಗುತ್ತದಾ?

ಬದಿಯಡ್ಕದವಳು:
ನಮ್ಮದು ಕೇರಳದ ಕಾಸರಗೋಡು ಜಿಲ್ಲೆ. ಅಕ್ಕನ ಮಗನಿಗೆ 15 ವರ್ಷ, ಕನ್ನಡ ಮೀಡಿಯಂ ಒಂಬತ್ತನೇ ಕ್ಲಾಸು. ಭಾವ ತೀರಿಹೋಗಿ ಮೂರು ವರ್ಷ ಆಯಿತು, ಅಕ್ಕ ಬೀಡಿ ಕಟ್ಟಿ ಮನೆ ನಡೆಸುತ್ತಾಳೆ. ಓಣಂ ರಜೆ ಮುಗಿದ ಮೇಲೆ ಇವನು ಸರಿಯಾಗಿ ಶಾಲೆಗೆ ಹೋಗಿಲ್ಲ. ಬೆಳಿಗ್ಗೆ ಯೂನಿಫಾರಂ ಹಾಕಿಕೊಂಡೇ ಹೊರಡುತ್ತಾನೆ, ದಾರಿಯಲ್ಲಿ ಅಂಗಿ ಬದಲಾಯಿಸಿ ದೊಡ್ಡ ಹುಡುಗರ ಬೈಕ್ ಹತ್ತಿ ಎಲ್ಲಿಗೋ ಹೋಗುತ್ತಾನೆ. ಮೊನ್ನೆ ಬ್ಯಾಗ್ ನೋಡಿದರೆ ಪುಸ್ತಕವೇ ಇಲ್ಲ, ಒಂದು ಟೀಶರ್ಟು, ಒಂದು ಲೈಟರು. ಇಂಥ ಹುಡುಗರನ್ನು ಇಟ್ಟುಕೊಂಡು ಸರಿಮಾಡುವ ಖಾಸಗಿ ಜಾಗ ಉಂಟು ಅಂತ ಒಬ್ಬರು ಹೇಳಿದರು. ತಿಂಗಳಿಗೆ 12 ಸಾವಿರ. ಅಕ್ಕ ಕಿವಿಯ ಬೆಂಡೋಲೆ ಅಡವಿಡಲು ಹೊರಟಿದ್ದಾಳೆ. ಏನು ಮಾಡಲಿ?

ನಿವೃತ್ತ ಮಾಷ್ಟ್ರು:
ತಂಗೀ, ಬೆಂಡೋಲೆ ಅಲ್ಲೇ ಇರಲಿ. ಮಕ್ಕಳನ್ನು ಇಟ್ಟುಕೊಂಡು ನೋಡಿಕೊಳ್ಳುವ ಇಂಥ ಸಂಸ್ಥೆಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ನೋಂದಣಿ ಬೇಕು, ಆ ಪತ್ರ ತೋರಿಸಿ ಅಂತ ಕೇಳಿ ನೋಡಿ, ಮಾತಿನ ಧಾಟಿಯೇ ಬದಲಾಗುತ್ತದೆ. ಸರ್ಕಾರಿ ಚಿಲ್ಡ್ರನ್ಸ್ ಹೋಮ್ ಪರವನಡ್ಕದಲ್ಲಿದೆ, ದುಡ್ಡು ಬೇಡ. ಆದರೆ ನಾವೇ ಕರೆದುಕೊಂಡು ಹೋಗಿ ಬಿಟ್ಟು ಬರುವ ಹಾಗಿಲ್ಲ, ಇಂಥ ಮಕ್ಕಳು ಎಲ್ಲಿರಬೇಕು ಅಂತ ತೀರ್ಮಾನಿಸುವ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಆದೇಶ ಮಾಡಬೇಕು. ಮನೆಯ ಸ್ಥಿತಿ ವಿಚಾರಿಸಿ ವರದಿ ಕೊಡಲು 15 ದಿನ ಅಂತ ಕಾಯ್ದೆಯಲ್ಲೇ ಇದೆ.

ಕುಂಬಳೆ ಹುಡುಗ:
ನಾನು 14ನೇ ವಯಸ್ಸಲ್ಲಿ ಒಂದು ಹೋಮಿನಲ್ಲಿದ್ದೆ. ಯಾವುದು ಅಂತ ಹೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಗಂಜಿ ಸಿಕ್ಕಿತು, ಗೇಟಿನ ಹೊರಗೆ ಬೈಕ್ ಹಾರನ್ ಹೊಡೆಯುವವರು ಇರಲಿಲ್ಲ, ಅದು ನನ್ನನ್ನು ಉಳಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಶಾಲೆ ಮಲಯಾಳಂ. ಮಾತಾಡಲು ನಮಗೆಲ್ಲ ಬರುತ್ತದೆ, ಓದಲು ಬರುವುದಿಲ್ಲ, ಅಲ್ವಾ? ಬೋರ್ಡಿನಲ್ಲಿದ್ದದ್ದನ್ನು ಚಿತ್ರ ಬಿಡಿಸಿದ ಹಾಗೆ ಬರೆದುಕೊಳ್ಳುತ್ತಿದ್ದೆ. ನೋಟ್‌ಬುಕ್ ತುಂಬಾ ನೀಟ್ ಅಂತ ಟೀಚರ್ ಹೊಗಳಿದರು, ಒಂದು ಸಾಲೂ ನನಗೆ ಗೊತ್ತಿರಲಿಲ್ಲ. ಹತ್ತನೇ ಕ್ಲಾಸ್ ಅಲ್ಲಿಗೇ ಬಿಟ್ಟೆ. ನಿಮ್ಮವನಿಗೆ ಇನ್ನೊಂದೇ ವರ್ಷ ಇರುವುದು, ಸ್ವಲ್ಪ ಯೋಚನೆ ಮಾಡಿ.

ಸಮಾಜಕಾರ್ಯ ಓದಿದವಳು:
ಹಣದ ಲೆಕ್ಕ ಜಾಸ್ತಿ ಜನರಿಗೆ ಗೊತ್ತಿಲ್ಲ. ಮಿಷನ್ ವಾತ್ಸಲ್ಯ ಅಂತ ಮಕ್ಕಳ ರಕ್ಷಣೆಗೆ ಕೇಂದ್ರದ ಯೋಜನೆ ಇದೆ, ಅದರಲ್ಲಿ ಹೋಮಿನಲ್ಲಿರುವ ಮಗುವಿನ ಖರ್ಚಿಗೆ ತಿಂಗಳಿಗೆ 3,000, ಮನೆಯಲ್ಲೇ ಇಟ್ಟು ಓದಿಸಿದರೆ ಸ್ಪಾನ್ಸರ್‌ಶಿಪ್ 4,000. ಈ ಹಣದಲ್ಲಿ ನೂರಕ್ಕೆ 60 ಕೇಂದ್ರದ್ದು, 40 ರಾಜ್ಯದ್ದು. ಗಂಡ ತೀರಿಕೊಂಡ ತಾಯಿಯ ಮಕ್ಕಳು ಇದಕ್ಕೆ ಬರುತ್ತಾರೆ, ಹಳ್ಳಿಯಾದರೆ ವರ್ಷದ ಆದಾಯ 72,000 ಮೀರಬಾರದು. ಮೊದಲು ಮನೆ, ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಹೋಮ್ ಅಂತ ಕಾಯ್ದೆಯೇ ಹೇಳುತ್ತದೆ. ಆದರೆ ನಮ್ಮ ಜನ ಹುಡುಗ ಕೆಟ್ಟ ಅಂದ ಕೂಡಲೇ ಹಾಸ್ಟೆಲ್ ಹುಡುಕುತ್ತಾರೆ, ಮನೆಗೆ ಹಣ ಕೇಳಲು ನಾಚಿಕೆ. ಅರ್ಜಿ ವಿದ್ಯಾನಗರ ಸಿವಿಲ್ ಸ್ಟೇಷನ್‌ನ ಮಕ್ಕಳ ರಕ್ಷಣಾ ಘಟಕದಲ್ಲಿ ಕೊಡಿ. ಶಾಲೆಯ ಕೌನ್ಸೆಲರ್ ಹತ್ತಿರ ಮಾತಾಡಿ. ಲೈಟರ್ ಬರೀ ಸಿಗರೇಟಿಗಲ್ಲ ಅನ್ನಿಸಿದರೆ ನೀಲೇಶ್ವರ ತಾಲೂಕು ಆಸ್ಪತ್ರೆಯಲ್ಲಿ ನಶೆ ಬಿಡಿಸುವ ವಿಮುಕ್ತಿ ಕೇಂದ್ರ ಇದೆ.

ನಿವೃತ್ತ ಮಾಷ್ಟ್ರು:
ನಾಲ್ಕು ಸಾವಿರ ಕೊಟ್ಟ ಮಾತ್ರಕ್ಕೆ ಬೈಕಿನವರು ಬರುವುದು ನಿಲ್ಲುತ್ತದಾ ಮಾರಾಯ್ತಿ? ತಾಯಿ ಇಡೀ ದಿನ ಬೀಡಿ ಕಟ್ಟುವ ತಡ್ಪೆ (ಮೊರ) ಮಡಿಲಲ್ಲಿಟ್ಟು ಕೂತಿದ್ದರೆ ಇವನ ಹಿಂದೆ ಹೋಗುವವರು ಯಾರು?

ಕುಂಬಳೆ ಹುಡುಗ:
ಅದೂ ನಿಜ ಮಾಷ್ಟ್ರೇ. ನನಗೆ ಗೇಟ್ ಬೇಕಿತ್ತು. ಗೇಟಿನ ಒಳಗೆ ಕನ್ನಡ ಕ್ಲಾಸೂ ಇದ್ದಿದ್ದರೆ ಅಂತ ಈಗಲೂ ಅನ್ನಿಸುತ್ತದೆ.

ಬದಿಯಡ್ಕದವಳು:
ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಶಾಲೆಗೆ ಹೋಗಿ ಕೌನ್ಸೆಲರ್ ಟೀಚರನ್ನು ನೋಡಿ ಬಂದೆ, ಸೋಮವಾರ ವಿದ್ಯಾನಗರಕ್ಕೆ ಹೋಗುವುದು. ಆದಾಯ ಸರ್ಟಿಫಿಕೇಟಿಗೆ ಅಕ್ಕ ಕಾಗದ ಹುಡುಕುವಾಗ ಇವನು ಬಾಗಿಲ ಹತ್ತಿರ ನಿಂತಿದ್ದ. ಆ 4,000 ಯಾರ ಅಕೌಂಟಿಗೆ ಬರುವುದು ಅಂತ ಕೇಳಿದ. ಅಮ್ಮನದಕ್ಕಾ ನಿನ್ನದಕ್ಕಾ ಅಂತ ಅಕ್ಕ ತಿರುಗಿ ಕೇಳಿದಳು. ಉತ್ತರ ಕೊಡಲಿಲ್ಲ, ಆದರೆ ರೇಷನ್ ಕಾರ್ಡ್ ಎಲ್ಲಿದೆ ಅಂತ ಹುಡುಕಿ ಕೊಟ್ಟದ್ದು ಅವನೇ.